ರೋ ಶಾಖೆಯ ಸಹೋದರಿಯರು

(ಬಾನುಲಿ ಭಾಷಣ)

ಅಮೆರಿಕದ ಕಾಲೇಜುಗಳ ವಿಷಯವನ್ನು ಓದುವವರಿಗೆ ‘ಸೊರಾರಿಟಿ’ ಎಂಬ ಮಾತು ಆಗಾಗ ಎದುರಾಗುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ಸೊರೋರ್’ ಎಂದರೆ ಸೋದರಿ. ಅದರಿಂದ ಬಂದ ಹೆಸರು ಇದು. ಸೋದರೀ ಸಂಘ ಎಂದು ಕನ್ನಡಿಸಿಕೊಂಡರೆ ಅರ್ಥಕ್ಕೆ ಬಾಧೆಯಿಲ್ಲ. ಕಾಲೇಜಿನ ಕೆಲವು ಹೆಣ್ಣುಮಕ್ಕಳು ಒಂದುಗೂಡಿ, ತಮ್ಮ ಕೂಟಕ್ಕೆ ಎರಡೋ ಮೂರೋ ಗ್ರೀಕ್ ಅಕ್ಷರಗಳ ಹೆಸರಿಟ್ಟು, ಅದಕ್ಕೊಂದು ಬಣ್ಣ, ಒಂದು ಪದಕ, ಒಂದು ಹಾಡು, ಹೊರಗಿನವರಿಗೆ ತಿಳಿಸಬಾರದ ಒಂದು ದೀಕ್ಷಾವಿಧಿ ಇವನ್ನೆಲ್ಲ ಏರ್ಪಡಿಸಿಕೊಳ್ಳುತ್ತಾರೆ. ಬೇರೆ ಬೇರೆ ಊರುಗಳಲ್ಲಿ ಅದಕ್ಕೆ ಶಾಖೆಗಳು ಹುಟ್ಟುತ್ತವೆ. ಚಲನಚಿತ್ರಗಳಿಂದ ಅಮೆರಿಕವನ್ನು ತಿಳಿದುಕೊಂಡವರಿಗೆ ಈ ಸಂಘಗಳೆಂದರೆ ಔತಣ, ನೃತ್ಯ, ಉಳ್ಳವರ ಮಕ್ಕಳ ಹುಡುಗಾಟ ಎಂಬ ಭಾವನೆಯಿರುವುದು ಸಹಜ. ಆ ಭಾವನೆ ತೀರ ನಿರಾಧಾರವಾದುದೂ ಅಲ್ಲ. ನಾನು ಈ ಹೊತ್ತು ಹೇಳಹೊರಟಿರುವುದು ಇನ್ನೊಂದು ಬಗೆಯ ಸೋದರೀ ಸಂಘದ ವಿಷಯ. ಅದರಲ್ಲೂ ಮುಖ್ಯವಾಗಿ ಅದರ ಒಂದು ಪುಟ್ಟ ಶಾಖೆಯ ವಿಷಯ. ಕ್ಯಾಲಿಫೋರ್ನಿಯದ ಬರ್ಕಲಿಯಲ್ಲಿ 1921ರಲ್ಲಿ ಹುಟ್ಟಿದ ಆ ಶಾಖೆಯ ಸ್ಥಾಪಕಿ, ಮುಂದೆ ಹದಿನಾಲ್ಕು ವರ್ಷಗಳಿಗೆ, ಸುಮಾರು ಎರಡು ಸಾವಿರ ಮೈಲಿ ಆಚೆ ಮಿಸಿಸಿಪ್ಪಿಯ ಹತ್ತಿಯ ಹೊಲಗಳಲ್ಲಿ ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕಿಸುವ ಕೆಲಸಕ್ಕೆ ಕೈಯಿಕ್ಕಿದರು.

ಮೊದಲು ತಾಯಿಸಂಸ್ಥೆಯ ಮಾತು. ಅಮೆರಿಕದ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ, 1867ರಲ್ಲಿ, ವಾಷಿಂಗ್ಟನ್ ನಗರದಲ್ಲಿ ಹೊವಾರ್ಡ್ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಬಿಡುಗಡೆ ಪಡೆದವರ ಮಕ್ಕಳು, ಮೊಮ್ಮಕ್ಕಳು ಓದಿ ಮುಂದೆ ಬಂದದ್ದು ಅಲ್ಲಿ. 1908ರ ಜನವರಿ 15ರಂದು ಎಥೆಲ್ ಹೆಜ್‌ಮನ್ ಎಂಬ ವಿದ್ಯಾರ್ಥಿನಿಯ ಮುಂದಾಳುತನದಲ್ಲಿ ಅಲ್ಲಿಯ ಹೆಣ್ಣುಮಕ್ಕಳು ‘ಆಲ್ಫ ಕಪ್ಪ ಆಲ್ಫ’ ಎಂಬ ಸಂಘವನ್ನು ಕಟ್ಟಿದರು. ಕಪ್ಪು ಜನಾಂಗದ ಕಾಲೇಜು ಹೆಣ್ಣುಮಕ್ಕಳು ತಮಗಾಗಿ ತಾವೇ ಕಟ್ಟಿಕೊಂಡ ಗ್ರೀಕ್ ಹೆಸರಿನ ಸಂಘಗಳಲ್ಲಿ ಅದೇ ಮೊದಲನೆಯದು. ಐದು ವರ್ಷ ಕಳೆಯುವ ಹೊತ್ತಿಗೆ ಒಳಗೇ ಭಿನ್ನಾಭಿಪ್ರಾಯ ತಲೆದೋರಿ, 1913ರ ಜನವರಿಯಲ್ಲಿ 22 ಮಂದಿ ಹೊರಬಂದು ‘ಡೆಲ್ಟ ಸಿಗ್ಮ ಥೀಟ’ ಎಂಬ ಎರಡನೆಯ ಸಂಘವನ್ನು ಆರಂಭಿಸಿದರು. ಅದೇ ಮಾರ್ಚ್ 3ರಂದು ವಾಷಿಂಗ್ಟನ್ನಿನಲ್ಲಿ ಸ್ತ್ರೀಯರ ಮತದಾನದ ಹಕ್ಕಿಗಾಗಿ ದೊಡ್ಡ ಮೆರವಣಿಗೆ ನಡೆದಾಗ ಇವರೂ ಅದರಲ್ಲಿ ಹೆಜ್ಜೆ ಹಾಕಿದರು. ಸಂಘ ಹುಟ್ಟಿ ಇನ್ನೂ ಎರಡು ತಿಂಗಳಾಗಿರಲಿಲ್ಲ.

ಈ ಸಂಘಗಳ ರಚನೆಯಲ್ಲಿ ಒಂದು ವಿಶೇಷವಿದೆ. ಅದನ್ನು ಗಮನಿಸದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸಾಮಾನ್ಯವಾಗಿ ಕಾಲೇಜಿನ ಕೂಟ ಕಾಲೇಜಿನೊಂದಿಗೇ ಮುಗಿಯುತ್ತದೆ; ಉಳಿಯುವುದು ಹಳೆಯ ಭಾವಚಿತ್ರ, ವರ್ಷಕ್ಕೊಂದು ಕಾಗದ. ಇಲ್ಲಿ ಹಾಗಲ್ಲ. ಪದವಿ ಪಡೆದು ಉಪಾಧ್ಯಾಯಿನಿಯಾದವಳು, ದಾದಿಯಾದವಳು, ವೈದ್ಯೆಯಾದವಳು ತನ್ನ ಊರಿನ ಪದವೀಧರ ಶಾಖೆಯನ್ನು ಸೇರುತ್ತಾಳೆ, ಸಾಯುವವರೆಗೂ ಸದಸ್ಯೆಯಾಗಿರುತ್ತಾಳೆ, ವಂತಿಗೆ ಕೊಡುತ್ತಾಳೆ. ವಿದ್ಯಾರ್ಥಿನಿಯರ ಶಾಖೆಗಳಿಗೆ ಗ್ರೀಕ್ ಅಕ್ಷರಮಾಲೆಯ ಕ್ರಮದಲ್ಲಿ ಹೆಸರು. ಆಲ್ಫ ಕಪ್ಪ ಆಲ್ಫದಲ್ಲಿ ಪದವೀಧರ ಶಾಖೆಗಳ ಹೆಸರಿನ ಕೊನೆಗೆ ‘ಒಮೇಗ’ ಎಂಬ ಕೊನೆಯ ಅಕ್ಷರವೂ ಸೇರುತ್ತದೆ. ಸಂಘದ ಮಹಾಸಭೆಗೆ ‘ಬೂಲೆ’ ಎಂದು ಹೆಸರು. ಅಖಿಲ ಸಂಘದ ಅಧ್ಯಕ್ಷಿಣಿಗೆ ‘ಸುಪ್ರೀಂ ಬೆಸಿಲಿಯಸ್’ ಎಂಬ ಬಿರುದು. ಬೆಸಿಲಿಯಸ್ ಎಂದರೆ ಗ್ರೀಕಿನಲ್ಲಿ ರಾಜ. ರಾಣಿ ಎಂಬುದಕ್ಕೆ ಆ ಭಾಷೆಯಲ್ಲಿ ಬೇರೆ ಮಾತಿದ್ದರೂ ಈ ಹೆಣ್ಣುಮಕ್ಕಳು ರಾಜನ ಪದವಿಯನ್ನೇ ಆರಿಸಿಕೊಂಡದ್ದು ನನಗೇನೋ ಬಹಳ ಹಿಡಿಸಿತು.

ಇನ್ನು ಬರ್ಕಲಿ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಆ ಕೇಂದ್ರಕ್ಕೆ 1920ರಲ್ಲಿ ಐಡಾ ಲೂಯಿಸ್ ಜಾಕ್ಸನ್ ಎಂಬ ಹುಡುಗಿ ಸೇರಿದರು. ಹುಟ್ಟಿದ್ದು 1902ರಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯ ವಿಕ್ಸ್‌ಬರ್ಗ್ ಎಂಬ ಊರಿನಲ್ಲಿ. 1918ರಲ್ಲಿ ಕುಟುಂಬ ಪಶ್ಚಿಮ ತೀರದ ಓಕ್ಲೆಂಡಿಗೆ ವಲಸೆ ಬಂದಿತ್ತು. ಬರ್ಕಲಿಯಲ್ಲಿ ಸಾವಿರಗಟ್ಟಲೆ ವಿದ್ಯಾರ್ಥಿಗಳ ನಡುವೆ ಕಪ್ಪು ಜನಾಂಗದವರು ಆಗ 17 ಮಂದಿ: ಹೆಣ್ಣುಮಕ್ಕಳು 8, ಗಂಡುಮಕ್ಕಳು 9. ಕಾನೂನು ಅವರನ್ನು ತಡೆಯುತ್ತಿರಲಿಲ್ಲ. ಶುಲ್ಕ ಕಟ್ಟಿದರೆ ಪಾಠ ಕೇಳಬಹುದಾಗಿತ್ತು, ಪರೀಕ್ಷೆಗೆ ಕೂಡಬಹುದಾಗಿತ್ತು. ಆದರೆ ಪಕ್ಕದಲ್ಲಿ ಕುಳಿತವರು ತನ್ನ ಆಸನ ಖಾಲಿಯೇ ಇದೆಯೆಂಬಂತೆ ದಿನದಿನವೂ ನಡೆದುಕೊಳ್ಳುತ್ತಿದ್ದುದನ್ನು, ಒಂದು ನಗೆಯೂ ತಲೆಯಾಡಿಸುವ ಒಂದು ಸನ್ನೆಯೂ ಬಾರದಿದ್ದುದನ್ನು ಜಾಕ್ಸನ್ ತಮ್ಮ ಮುಪ್ಪಿನಲ್ಲಿ, ಅದೇ ವಿಶ್ವವಿದ್ಯಾನಿಲಯದ ಬ್ಯಾಂಕ್ರಾಫ್ಟ್ ಗ್ರಂಥಭಂಡಾರದವರು ಧ್ವನಿಮುದ್ರಿಸಿಕೊಂಡ ಆತ್ಮಕಥನದಲ್ಲಿ ನೆನೆದಿದ್ದಾರೆ. ಅರುವತ್ತು ವರ್ಷ ಕಳೆದ ಮೇಲೂ ಆಕೆಯ ನೆನಪಿನಲ್ಲಿ ಮುಂದೆ ನಿಂತದ್ದು ಬೈಗುಳಲ್ಲ, ಹೊಡೆತವಲ್ಲ, ಈ ಮೌನ.

ಬಿಳಿಯ ಹೆಣ್ಣುಮಕ್ಕಳ ಸೊರಾರಿಟಿಗಳು ಇವರನ್ನು ಸೇರಿಸಿಕೊಳ್ಳುತ್ತಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. 1921ರಲ್ಲಿ ಜಾಕ್ಸನ್ ಕೆಲವರು ಗೆಳತಿಯರನ್ನು ಕೂಡಿಸಿಕೊಂಡು ಆಲ್ಫ ಕಪ್ಪ ಆಲ್ಫದ ಶಾಖೆಯೊಂದನ್ನು ಬರ್ಕಲಿಯಲ್ಲಿ ತೆರೆದರು. ಸರದಿಯ ಪ್ರಕಾರ ಅದಕ್ಕೆ ಬಂದ ಅಕ್ಷರ ‘ರೋ’. ಅದೇ 1921ರಲ್ಲಿ, ಅದೇ ಆವರಣದಲ್ಲಿ, ವಿವಿಯನ್ ಆಸ್ಬಾರ್ನ್ ಎಂಬ ಇನ್ನೊಬ್ಬ ವಿದ್ಯಾರ್ಥಿನಿ, ಮದುವೆಯಾದ ಮೇಲೆ ವಿವಿಯನ್ ಆಸ್ಬಾರ್ನ್ ಮಾರ್ಷ್ ಎಂದು ಹೆಸರಾದವರು, ಡೆಲ್ಟ ಸಿಗ್ಮ ಥೀಟದ ಶಾಖೆಯನ್ನೂ ಸ್ಥಾಪಿಸಿದರು. ಹೆಣ್ಣುಮಕ್ಕಳ ಸಂಖ್ಯೆ ಇಷ್ಟು, ಸಂಘಗಳು ಎರಡು! ನಮ್ಮ ಊರುಗಳಲ್ಲಿ ಒಂದೇ ಬೀದಿಗೆ ಎರಡು ಭಜನಾ ಮಂಡಳಿಗಳಿರುವುದನ್ನು ಕಂಡವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು. ಆದರೆ ಮುಂದೆ ಈ ಇಬ್ಬರೂ ತಮ್ಮ ತಮ್ಮ ಸಂಘಗಳಿಗೆ ಅಖಿಲ ಅಮೆರಿಕದ ಅಧ್ಯಕ್ಷಿಣಿಯರಾದರು. ಮಾರ್ಷ್ ಅವರ ಕಾಲದಲ್ಲಿ, 1937ರಲ್ಲಿ, ಡೆಲ್ಟ ಸಂಘ ದಕ್ಷಿಣದ ಹಳ್ಳಿಗಳಿಗೆ ಪುಸ್ತಕಗಳನ್ನು ಹೊತ್ತೊಯ್ಯುವ ಯೋಜನೆಯನ್ನು ಕೈಗೊಂಡಿತು. ಒಬ್ಬರು ಪುಸ್ತಕ, ಇನ್ನೊಬ್ಬರು ಔಷಧಿ ಹೀಗೆ ಹಂಚಿಕೊಂಡಂತೆ ಕಾಣುತ್ತದೆ. ಜಾಕ್ಸನ್ ಅವರೂ ಪುಸ್ತಕದಿಂದಲೇ ಆರಂಭಿಸಿದವರು ಎಂಬುದನ್ನು ಮುಂದೆ ಹೇಳುತ್ತೇನೆ.

ರೋ ಶಾಖೆಯ ಮೊದಲ ದಿನಗಳ ಒಂದು ಪ್ರಸಂಗ ಈಗ ಸಾಕಷ್ಟು ಪ್ರಸಿದ್ಧವಾಗಿದೆ. ಬರ್ಕಲಿಯ ವಿದ್ಯಾರ್ಥಿಗಳು ವರ್ಷವರ್ಷವೂ ‘ಬ್ಲೂ ಅಂಡ್ ಗೋಲ್ಡ್’ ಎಂಬ ವಾರ್ಷಿಕ ಸಂಪುಟವನ್ನು ಹೊರತರುತ್ತಿದ್ದರು. ಕಾಲೇಜಿನ ಸಂಘಗಳೆಲ್ಲ ಹಣ ಕಟ್ಟಿ ಅದರಲ್ಲಿ ತಮ್ಮ ಭಾವಚಿತ್ರವನ್ನು ಹಾಕಿಸುವುದು ಪದ್ಧತಿ. ರೋ ಶಾಖೆಯವರೂ 45 ಡಾಲರು ಕೂಡಿಸಿ ಕಟ್ಟಿ ಭಾವಚಿತ್ರ ತೆಗೆಸಿಕೊಂಡರು. ಹುಡುಗಿಯರಿಗೆ ಅದು ಸಣ್ಣ ಮೊತ್ತವಾಗಿರಲಿಲ್ಲ. ಸಂಪುಟ ಅಚ್ಚಾಗಿ ಬಂತು. ತಿರುವಿ ನೋಡಿದರೆ ಇವರ ಚಿತ್ರವಿಲ್ಲ. ವಿಶ್ವವಿದ್ಯಾನಿಲಯದ ಅಧ್ಯಕ್ಷರಲ್ಲಿಗೆ ದೂರು ಒಯ್ದಾಗ, ನೀವು ವಿದ್ಯಾರ್ಥಿಸಮೂಹವನ್ನು ಪ್ರತಿನಿಧಿಸುವವರಲ್ಲ ಎಂಬ ಅರ್ಥದ ಉತ್ತರ ದೊರೆಯಿತೆಂದು ಜಾಕ್ಸನ್ ಹೇಳಿದ್ದಾರೆ. ಕಟುವಾದ ಮಾತಾಡುವ ಅಗತ್ಯವೇ ಆಡಳಿತಕ್ಕೆ ಬೀಳಲಿಲ್ಲ. ಲೆಕ್ಕಕ್ಕೆ ಸೇರಿದವರಲ್ಲವೆಂದು ಸಮಾಧಾನದಿಂದ ತಿಳಿಸಿದರೆ ಸಾಕಾಯಿತು.

ಈ ಪ್ರಸಂಗವನ್ನು ಎತ್ತಿ ಹೇಳುವವರು ಸಾಮಾನ್ಯವಾಗಿ ಅದನ್ನು ಜಾಕ್ಸನ್ ಅವರ ಛಲಕ್ಕೆ ಮೂಲವೆಂದು ಬಗೆಯುತ್ತಾರೆ. ಇರಬಹುದು. ನನಗೆ ಮುಖ್ಯವೆಂದು ತೋರುವುದು ಇನ್ನೊಂದು: ರೋ ಶಾಖೆ ಸೇವೆಗೆಂದು ಹುಟ್ಟಿದ್ದಲ್ಲ. ಮಾತಾಡಿಸುವವರಿಲ್ಲದ ಕಡೆ ಕೆಲವರು ಹೆಣ್ಣುಮಕ್ಕಳು ಪರಸ್ಪರ ಮಾತಾಡಿಸಿಕೊಳ್ಳಲೆಂದು ಹುಟ್ಟಿತು. ಊಟಕ್ಕೆ, ಓದಿಗೆ, ನಗೆಗೆ ಒಂದು ಜೊತೆ ಬೇಕಾಗಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಟಿಪ್ಪಣಿ ಹಂಚಿಕೊಳ್ಳಲು ಒಬ್ಬಳು ಬೇಕಾಗಿತ್ತು. ನಮ್ಮಲ್ಲಿ ಸೇವಾಸಂಘವೆಂದೊಡನೆ ಉಳ್ಳವರು ಇಲ್ಲದವರ ಕಡೆಗೆ ಬಾಗುವ ಚಿತ್ರವೊಂದು ಕಣ್ಣಿಗೆ ಕಟ್ಟುತ್ತದೆ. ಉದ್ಘಾಟನೆ, ಹಣ್ಣು ಹಂಚಿಕೆ, ವಂದನಾರ್ಪಣೆ ಇವು ಅದರ ಅಂಗಗಳು. ರೋ ಶಾಖೆಯ ಹುಡುಗಿಯರು ತಾವೇ ಹೊರಗೆ ನಿಂತವರಾಗಿದ್ದರು. ಮುಂದೆ ಅವರ ಸೇವೆ ತಳೆದ ರೂಪಕ್ಕೂ ಈ ಹುಟ್ಟಿಗೂ ಸಂಬಂಧವಿದೆಯೆಂದೇ ನನ್ನ ನಂಬಿಕೆ.

ಜಾಕ್ಸನ್ 1922ರಲ್ಲಿ ಬಿ.ಎ., 1923ರಲ್ಲಿ ಎಂ.ಎ. ಪದವಿ ಪಡೆದು, ಮೆಕ್ಸಿಕೋ ಗಡಿಯ ಹತ್ತಿರದ ಎಲ್ ಸೆಂಟ್ರೊ ಎಂಬ ಊರಿನಲ್ಲಿ ಕಪ್ಪು ಜನರ ಮತ್ತು ಮೆಕ್ಸಿಕೋದವರ ಮಕ್ಕಳು ಓದುತ್ತಿದ್ದ ಶಾಲೆಯಲ್ಲಿ ಕೆಲಸಕ್ಕೆ ಸೇರಿದರು. 1926ರಲ್ಲಿ ಓಕ್ಲೆಂಡಿನ ಸಾರ್ವಜನಿಕ ಶಾಲೆಗಳಿಗೆ ನೇಮಕವಾದ ಅವರ ಜನಾಂಗದ ಮೊದಲ ಉಪಾಧ್ಯಾಯಿನಿಯಾದರು. 1933ರಲ್ಲಿ ಆಲ್ಫ ಕಪ್ಪ ಆಲ್ಫದ ಬೆಸಿಲಿಯಸ್ ಆಗಿ ಆಯ್ಕೆಯಾಗಿ 1937ರವರೆಗೆ ಆ ಸ್ಥಾನದಲ್ಲಿದ್ದರು. ಅದು ಅಮೆರಿಕದ ಆರ್ಥಿಕ ಕುಸಿತದ ಕಾಲ. ಕಾಲೇಜು ಮೆಟ್ಟಿಲು ಹತ್ತಿದ ನಮ್ಮ ಈ ಸಂಘ ಯಾರಿಗಾಗಿ ಎಂಬ ಪ್ರಶ್ನೆ ಏಳಲೇಬೇಕಾಗಿತ್ತು. ಜಾಕ್ಸನ್ ಅವರ ಗಮನ ತಾವು ಹುಟ್ಟಿದ ಮಿಸಿಸಿಪ್ಪಿಯ ಕಡೆಗೆ ಹರಿಯಿತು.

ಆ ಸೀಮೆಯ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳುವುದಾದರೆ: ಗುಲಾಮಗಿರಿ ಹೋಗಿತ್ತು, ಭೂಮಿ ಬಂದಿರಲಿಲ್ಲ. ಹತ್ತಿಯ ದೊಡ್ಡ ಎಸ್ಟೇಟುಗಳಲ್ಲಿ ಕಪ್ಪು ಜನರು ಪಾಲಿಗೆ ಸಾಗುವಳಿ ಮಾಡುತ್ತಿದ್ದರು. ಬಿತ್ತನೆಯ ಬೀಜ, ಹೇಸರಗತ್ತೆ, ಮಳೆಗಾಲದ ಧಾನ್ಯ ಎಲ್ಲವೂ ಒಡೆಯನ ಅಂಗಡಿಯಿಂದ ಸಾಲ. ಲೆಕ್ಕ ಬರೆಯುವವನೂ ಒಡೆಯನೇ. ವರ್ಷದ ಕೊನೆಯಲ್ಲಿ ಹತ್ತಿ ತೂಗಿದ ಮೇಲೆ ಸಾಲ ಉಳಿಯುತ್ತಿತ್ತೇ ಹೊರತು ಹಣ ಉಳಿಯುತ್ತಿರಲಿಲ್ಲ. ನಮ್ಮ ಹಳ್ಳಿಗಳ ಹಳೆಯ ಕಡತಗಳನ್ನು ಬಲ್ಲವರಿಗೆ ಈ ಗಣಿತವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳ ಶಾಲೆ ಹತ್ತಿ ಬಿಡಿಸುವ ಕಾಲಕ್ಕೆ ಮುಚ್ಚುತ್ತಿತ್ತು. ಶಾಲೆಯಲ್ಲಿ ಕಲಿಸುವವರಲ್ಲಿ ಹಲವರು ತಾವೇ ಹೆಚ್ಚು ಓದಿದವರಲ್ಲ.

ಆದುದರಿಂದ ಜಾಕ್ಸನ್ ಉಪಾಧ್ಯಾಯರಿಂದಲೇ ಆರಂಭಿಸೋಣವೆಂದುಕೊಂಡರು. ಹೋಮ್ಸ್ ಕೌಂಟಿಯ ಲೆಕ್ಸಿಂಗ್ಟನ್ ಊರಿನಲ್ಲಿ ‘ಸೇಂಟ್ಸ್ ಇಂಡಸ್ಟ್ರಿಯಲ್’ ಎಂಬ ಶಾಲೆಯನ್ನು ಅರೀನಿಯ ಮ್ಯಾಲರಿ ಎಂಬಾಕೆ ನಡೆಸುತ್ತಿದ್ದರು. 1934ರ ಬೇಸಗೆಯಲ್ಲಿ ಅಲ್ಲಿ ಹಳ್ಳಿಯ ಉಪಾಧ್ಯಾಯರಿಗಾಗಿ ಒಂದು ಶಾಲೆ ತೆರೆಯಲಾಯಿತು. 22 ಮಂದಿ ಉಪಾಧ್ಯಾಯ ಅಭ್ಯರ್ಥಿಗಳು, 243 ಮಕ್ಕಳು, ರಾತ್ರಿಯ ತರಗತಿಗೆ 48 ಮಂದಿ ವಯಸ್ಕರು. 2,600 ಪುಸ್ತಕಗಳನ್ನು ಸಂಗ್ರಹಿಸಿ ಆ ಶಾಲೆಗೆ ಒಂದು ಪುಸ್ತಕಭಂಡಾರವನ್ನೂ ಮಾಡಿಕೊಟ್ಟರು. ಬಿಳಿಯರದನ್ನೂ ಸೇರಿಸಿಕೊಂಡು ಇಡೀ ಕೌಂಟಿಯಲ್ಲಿ ಅಷ್ಟು ದೊಡ್ಡ ಪುಸ್ತಕಭಂಡಾರ ಇನ್ನೊಂದಿರಲಿಲ್ಲವಂತೆ. ಇಷ್ಟಕ್ಕೆ ನಿಂತಿದ್ದರೂ ಅದನ್ನು ಒಳ್ಳೆಯ ಕೆಲಸವೆಂದೇ ಹೇಳಬೇಕಾಗಿತ್ತು. ವರದಿ ಬರೆಯಬಹುದಾಗಿತ್ತು, ಮರುವರ್ಷವೂ ಅದನ್ನೇ ನಡೆಸಬಹುದಾಗಿತ್ತು.

ಆದರೆ ಪಾಠ ಹೇಳಹೋದವರು ಕಂಡದ್ದು ಬೇರೆ. ಬೆಂಚಿನ ಮೇಲೆ ಕುಳಿತ ಮಕ್ಕಳಲ್ಲಿ ಚಳಿಜ್ವರ; ಹಲ್ಲು ಹುಳಿತು ಬಾತ ಕೆನ್ನೆಗಳು; ಹೊಟ್ಟೆಗಿಲ್ಲದ ಮಂಪರು. ಓದುವುದಕ್ಕೆ ಮೊದಲು ಇವರು ಬದುಕಿ ಉಳಿಯಬೇಕು ಎಂಬುದು ಜಾಕ್ಸನ್ ಅವರಿಗೆ ಆ ಒಂದೇ ಬೇಸಗೆಯಲ್ಲಿ ಮನವರಿಕೆಯಾಯಿತು. ಮರುವರ್ಷ, 1935ರಲ್ಲಿ, ಸಂಘದ ಯೋಜನೆ ಬದಲಾಯಿತು. ಉಪಾಧ್ಯಾಯಿನಿಯರ ಜೊತೆಗೆ ವೈದ್ಯರೂ ದಾದಿಯರೂ ಹೊರಟರು. ಇದೇ ‘ಮಿಸಿಸಿಪ್ಪಿ ಆರೋಗ್ಯ ಯೋಜನೆ’ ಎಂದು ಹೆಸರಾದದ್ದು.

ವೈದ್ಯಕೀಯ ವಿಭಾಗದ ಹೊಣೆ ಹೊತ್ತವರು ಡಾಕ್ಟರ್ ಡೊರೊತಿ ಬೋಲ್ಡಿಂಗ್ ಫೆರೆಬಿ. ಬಾಸ್ಟನ್ನಿನ ಟಫ್ಟ್ಸ್ ವೈದ್ಯಕೀಯ ಶಾಲೆಯಿಂದ 1924ರಲ್ಲಿ ಪದವಿ ಪಡೆದು ವಾಷಿಂಗ್ಟನ್ನಿನಲ್ಲಿ ವೃತ್ತಿ ನಡೆಸುತ್ತಿದ್ದ ಇವರು, ದುಡಿಯುವ ತಾಯಂದಿರ ಮಕ್ಕಳಿಗಾಗಿ ಅಲ್ಲಿ ಒಂದು ಆಶ್ರಯಮನೆಯನ್ನೂ ಕಟ್ಟಿದ್ದರು. ಪ್ರಯಾಣದ ಮೊದಲ ಹೆಜ್ಜೆಯಲ್ಲೇ ತೊಡಕು. ರೈಲಿನವರು ಈ ಹೆಣ್ಣುಮಕ್ಕಳ ತಂಡಕ್ಕೆ ಟಿಕೆಟು ಕೊಡಲೊಪ್ಪಲಿಲ್ಲ. ಅವರು ತಮ್ಮ ತಮ್ಮ ಸ್ವಂತ ಮೋಟಾರುಗಳಲ್ಲಿ ಔಷಧಿಯ ಪೆಟ್ಟಿಗೆಗಳನ್ನು ತುಂಬಿಕೊಂಡು ಸುಮಾರು ಒಂದು ಸಾವಿರ ಮೈಲಿ ತಾವೇ ನಡೆಸಿಕೊಂಡು ಹೋದರು. ದಕ್ಷಿಣದ ಆ ರಸ್ತೆಗಳಲ್ಲಿ ಕಪ್ಪು ಜನರಿಗೆ ತಂಗಲು ಹೋಟೆಲಿರಲಿಲ್ಲ. ಪೆಟ್ರೋಲು ಮಾರುವ ಕಡೆ ಹಣ ತೆಗೆದುಕೊಳ್ಳುತ್ತಿದ್ದರು, ಶೌಚಕ್ಕೆ ಬಿಡುತ್ತಿರಲಿಲ್ಲ. ಡಾಕ್ಟರ ಪದವಿ ಆ ಬಾಗಿಲನ್ನೇನೂ ತೆರೆಯುತ್ತಿರಲಿಲ್ಲ.

ಲೆಕ್ಸಿಂಗ್ಟನ್ನಿನಲ್ಲಿ ಚಿಕಿತ್ಸಾಲಯ ತೆರೆದು ಕಾದರು. ಜನ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಉತ್ತರದಿಂದ ಬಂದ ಈ ಓದಿದ ಹೆಂಗಸರು ಆಳುಗಳ ತಲೆ ಕೆಡಿಸುತ್ತಾರೆಂದು ಎಸ್ಟೇಟಿನ ಒಡೆಯರು ಅನುಮಾನಪಟ್ಟು, ಕೆಲಸಗಾರರನ್ನು ಹೊರಗೆ ಕಳುಹಿಸಲು ಒಪ್ಪಲಿಲ್ಲ. ಜನ ಇಲ್ಲಿಗೆ ಬರಲಾರರಾದರೆ ನಾವೇ ಅವರಿದ್ದಲ್ಲಿಗೆ ಹೋಗೋಣ ಎಂದು ಫೆರೆಬಿ ಒಡೆಯರ ಬಳಿಗೆ ಹೋಗಿ ಅನುಮತಿ ಕೇಳಿದರು. ಅನುಮತಿ ಸಿಕ್ಕಿತು. ಅಂದಿನಿಂದ ಮೋಟಾರುಗಳೇ ಚಿಕಿತ್ಸಾಲಯಗಳಾದವು. ಬೆಳಗ್ಗೆ ಒಂದು ಎಸ್ಟೇಟು, ಮಧ್ಯಾಹ್ನ ಇನ್ನೊಂದು. ಮರದ ನೆರಳಿನಲ್ಲಿ, ಪ್ರಾರ್ಥನಾಮಂದಿರದ ಒಳಗೆ ಮೇಜು ಹಾಕಿ, ಕುದಿಯುವ ನೀರಿಟ್ಟು, ಸಾಲು ನಿಲ್ಲಿಸಿ, ಸಿಡುಬಿಗೂ ಡಿಫ್ತೀರಿಯಕ್ಕೂ ಲಸಿಕೆ, ಹಲ್ಲು ಕೀಳುವುದು, ಚಳಿಜ್ವರಕ್ಕೂ ಗುಹ್ಯರೋಗಗಳಿಗೂ ಔಷಧಿ, ತಾಯಂದಿರಿಗೆ ಮಗುವಿನ ಆರೈಕೆಯ ಪಾಠ. ಇಂದು ಸಂಚಾರಿ ಚಿಕಿತ್ಸಾಲಯವೆಂಬುದು ನಮಗೆ ಪರಿಚಿತವಾದ ವಸ್ತು. ಅಮೆರಿಕದಲ್ಲಿ ಅಂಥದರ ಮೊದಮೊದಲ ಪ್ರಯೋಗಗಳಲ್ಲಿ ಇದೂ ಒಂದು. ಅದು ಹುಟ್ಟಿದ್ದು ಯಾವ ಆರೋಗ್ಯ ತಜ್ಞರ ಯೋಜನೆಯಿಂದಲೂ ಅಲ್ಲ, ಒಡೆಯನ ನಿರ್ಬಂಧದಿಂದ.

ಆ ಅನುಮತಿಗೆ ಒಂದು ಬೆಲೆಯಿತ್ತು. ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡ ಮೇಲ್ವಿಚಾರಕರು ಕುದುರೆಯ ಮೇಲೆ ಬಂದು, ಸಾಲಿನ ಪಕ್ಕದಲ್ಲಿ ನಿಂತು, ವೈದ್ಯರು ರೋಗಿಗಳೊಡನೆ ಏನು ಮಾತಾಡುತ್ತಾರೆಂದು ಕೇಳಿಸಿಕೊಳ್ಳುತ್ತಿದ್ದುದನ್ನು ಫೆರೆಬಿ ಬರೆದಿದ್ದಾರೆ. ಕೂಲಿಯ ಮಾತಿಲ್ಲ, ಸಾಲದ ಮಾತಿಲ್ಲ, ಮತದ ಹಕ್ಕಿನ ಮಾತಂತೂ ಇಲ್ಲವೇ ಇಲ್ಲ. ತಮ್ಮ ಸಂಘ ವಾಷಿಂಗ್ಟನ್ನಿನಲ್ಲಿ ಧೈರ್ಯವಾಗಿ ಆಡುತ್ತಿದ್ದ ಮಾತುಗಳನ್ನು ಇಲ್ಲಿ ನುಂಗಿಕೊಂಡು ಸೂಜಿ ಚುಚ್ಚುತ್ತಿದ್ದರು. ಇದನ್ನು ಹೇಡಿತನವೆನ್ನಬಹುದೆ? ಹಾಗೆ ಹೇಳುವ ಅಧಿಕಾರ ನನಗಿದೆಯೆಂದು ನಾನು ತಿಳಿದಿಲ್ಲ. ಒಂದು ಮಾತು ಹೊರಬಿದ್ದಿದ್ದರೆ ಮೋಟಾರು ವಾಪಸು ಹೋಗುತ್ತಿತ್ತು. ಲಸಿಕೆ ಹಾಕಿಸಿಕೊಳ್ಳಬೇಕಾದ ಮಗು ಅಲ್ಲೇ ಉಳಿಯುತ್ತಿತ್ತು. ಆದರೆ ಈ ಮೌನವನ್ನು ಬಿಟ್ಟು ಕೇವಲ ಲಸಿಕೆಗಳ ಸಂಖ್ಯೆಯನ್ನು ಹೇಳುವುದೂ ಸರಿಯಲ್ಲ. ಸಂಘದ ಚರಿತ್ರೆಯನ್ನು ಅಭಿಮಾನದಿಂದ ಬರೆಯುವವರು ಕೆಲವೊಮ್ಮೆ ಹಾಗೆ ಮಾಡುತ್ತಾರೆ.

ಅಲ್ಲಿಯ ಆಹಾರದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪಾಲಿಗೆ ದುಡಿಯುವವರ ಮನೆಯಲ್ಲಿ ಮೂರು ಹೊತ್ತೂ ಅದೇ ಮೂರು ಪದಾರ್ಥ: ಹಂದಿಯ ಕೊಬ್ಬು, ಮೆಕ್ಕೆಜೋಳದ ಹಿಟ್ಟು, ಕಾಕಂಬಿ. ಹಾಲಿಲ್ಲ, ಸೊಪ್ಪಿಲ್ಲ. ಇದರಿಂದ ‘ಪೆಲಗ್ರ’ ಎಂಬ ರೋಗ ಆ ಸೀಮೆಯಲ್ಲೆಲ್ಲ ಹರಡಿತ್ತು. ಚರ್ಮ ಸುಟ್ಟಂತೆ ಕಪ್ಪಿಟ್ಟು ಸುಲಿಯುತ್ತದೆ, ಹೊಟ್ಟೆ ಕೆಡುತ್ತದೆ, ಕೊನೆಗೆ ಬುದ್ಧಿಭ್ರಮಣೆಯೂ ಆಗುತ್ತದೆ. ಇದು ಸೋಂಕಲ್ಲ, ಆಹಾರದ ಕೊರತೆ ಎಂಬುದನ್ನು ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು 1915ರಲ್ಲಿಯೇ, ಅದೇ ಮಿಸಿಸಿಪ್ಪಿಯ ರಾಂಕಿನ್ ಬಂದೀಖಾನೆಯ ಹೊಲದಲ್ಲಿ ಪ್ರಯೋಗ ನಡೆಸಿ ತೋರಿಸಿದ್ದರು. ವೈದ್ಯಶಾಸ್ತ್ರಕ್ಕೆ ಉತ್ತರ ಗೊತ್ತಾಗಿ ಇಪ್ಪತ್ತು ವರ್ಷ ಕಳೆದಿತ್ತು. ತಂಡದವರು ಹಾಲು ಕುಡಿಯಿರಿ, ತರಕಾರಿ ತಿನ್ನಿರಿ ಎಂದು ಹೇಳಿಕೊಟ್ಟರು. ಆದರೆ ಹತ್ತಿಯ ಸಾಲು ಗುಡಿಸಲ ಹೊಸ್ತಿಲವರೆಗೂ ಬಂದಿತ್ತು. ನಾಲ್ಕು ಬದನೆಯ ಗಿಡ ಹಾಕಿಕೊಳ್ಳಲು ಒಡೆಯ ಜಾಗ ಬಿಟ್ಟಿರಲಿಲ್ಲ. ಅವನ ಅಂಗಡಿಯಲ್ಲಿ ಸಿಕ್ಕುವುದು ಆ ಮೂರು ಪದಾರ್ಥಗಳೇ. ಹೀಗಿರುವಾಗ ಪೌಷ್ಟಿಕ ಆಹಾರದ ಉಪನ್ಯಾಸ ಯಾರಿಗೆ? ವರ್ಷವರ್ಷವೂ ಅದೇ ಮಕ್ಕಳು ಅದೇ ಬಾಡಿದ ಮುಖದಿಂದ ಸಾಲಿನಲ್ಲಿ ನಿಂತದ್ದನ್ನು ಕಂಡ ಮೇಲೆ, ಅಜ್ಞಾನವನ್ನು ಹೋಗಲಾಡಿಸಲೆಂದು ಬಂದವರಿಗೆ ಇಲ್ಲಿ ರೋಗದ ಬೇರು ಅಜ್ಞಾನವಲ್ಲವೆಂದು ಸ್ಪಷ್ಟವಾಗುತ್ತ ಬಂತು.

ಬಹುಶಃ ಇದರ ಒಂದು ಫಲವೆಂದೇ ನಾನು ಎಣಿಸುವ ಸಂಗತಿಯೊಂದಿದೆ. 1938ರಲ್ಲಿ ಆಲ್ಫ ಕಪ್ಪ ಆಲ್ಫದ ಹಿರಿಯ ಸದಸ್ಯೆ ನಾರ್ಮ ಬಾಯ್ಡ್ ಅವರ ಪ್ರೇರಣೆಯಿಂದ, ಸಂಘ ವಾಷಿಂಗ್ಟನ್ನಿನಲ್ಲಿ ಒಂದು ಪಕ್ಷಾತೀತ ಕಾರ್ಯಾಲಯವನ್ನು ತೆರೆಯಿತು. ಶಾಸನಸಭೆಯ ಸದಸ್ಯರನ್ನು ಕಂಡು, ಉದ್ಯೋಗ, ಶಿಕ್ಷಣ, ಮತದಾನ, ಗಲ್ಲಿಗೇರಿಸುವ ಗುಂಪುಹಿಂಸೆಯ ನಿಷೇಧ ಮೊದಲಾದ ವಿಷಯಗಳಲ್ಲಿ ಕಾನೂನು ಮಾಡಿಸುವುದು ಅದರ ಉದ್ದೇಶ. ಹತ್ತು ವರ್ಷ ಅದು ಕೆಲಸ ಮಾಡಿ, 1948ರಲ್ಲಿ ಇತರ ಸಂಘಗಳೊಡನೆ ಕೂಡಿದ ವಿಶಾಲವಾದ ಮಂಡಳಿಗೆ ದಾರಿ ಬಿಟ್ಟಿತು. ಕುದುರೆಯ ಮೇಲಿನ ಪಿಸ್ತೂಲಿನವನ ಮುಂದೆ ಆಡಲಾಗದ ಮಾತನ್ನು ಆಡುವುದಕ್ಕೆ ಇನ್ನೊಂದು ಸ್ಥಳವನ್ನು ಅವರು ಹುಡುಕಿಕೊಂಡರೆಂದು ಹೇಳಿದರೆ ತಪ್ಪಾಗಲಾರದು. ವಾಸ್ತವವಾಗಿ ಎರಡೂ ಒಂದೇ ಕಾಲದಲ್ಲಿ ನಡೆಯುತ್ತಿದ್ದವು. ಬೇಸಗೆಯಲ್ಲಿ ಸೂಜಿ, ಉಳಿದ ಕಾಲದಲ್ಲಿ ಅರ್ಜಿ.

ಇನ್ನೊಂದು ವಿಷಯವನ್ನು ಪಕ್ಕದಲ್ಲಿಟ್ಟು ನೋಡಬೇಕೆನ್ನಿಸುತ್ತದೆ. ಮಿಸಿಸಿಪ್ಪಿಗೆ ತಾಗಿಕೊಂಡಿರ‍ುವ ಅಲಬಾಮ ರಾಜ್ಯದ ಟಸ್ಕೀಗಿಯಲ್ಲಿ, 1932ರಿಂದ 1972ರವರೆಗೆ, ಸರ್ಕಾರದ ಆರೋಗ್ಯ ಇಲಾಖೆಯ ವೈದ್ಯರು ಸಿಫಿಲಿಸ್ ರೋಗದಿಂದ ನರಳುತ್ತಿದ್ದ ನೂರಾರು ಮಂದಿ ಕಪ್ಪು ಗಂಡಸರನ್ನು, ರೋಗ ಹೇಗೆ ಮುಂದುವರಿಯುತ್ತದೆಂದು ನೋಡುವುದಕ್ಕಾಗಿ, ಸರಿಯಾದ ಚಿಕಿತ್ಸೆ ಕೊಡದೆ ಇರಿಸಿದ್ದರು. ಅದೇ ವರ್ಷಗಳಲ್ಲಿ ಈ ಹೆಣ್ಣುಮಕ್ಕಳು ತಮ್ಮ ವಂತಿಗೆಯ ಹಣದಿಂದ ಅದೇ ರೋಗಕ್ಕೆ ಔಷಧಿ ಒಯ್ಯುತ್ತಿದ್ದರು. ಇದಕ್ಕೆ ವ್ಯಾಖ್ಯಾನ ಬೇಡ.

ಆರೋಗ್ಯ ಯೋಜನೆ ಹೋಮ್ಸ್ ಕೌಂಟಿಯಿಂದ ಮುಂದೆ ಬೊಲಿವರ್ ಕೌಂಟಿಗೂ ಹರಡಿತು. ಬಿಡುಗಡೆಯಾದ ಗುಲಾಮರು 1887ರಲ್ಲಿ ತಾವೇ ಕಟ್ಟಿಕೊಂಡ ಮೌಂಡ್ ಬೇಯೂ ಎಂಬ ಊರು ಇರುವುದು ಅಲ್ಲಿ. ಬೇಸಗೆಯಲ್ಲಿ ಕೆಲವೇ ವಾರಗಳ ಕೆಲಸ. ಖರ್ಚೆಲ್ಲ ದೇಶದ ಬೇರೆ ಬೇರೆ ಶಾಖೆಗಳ ಸದಸ್ಯೆಯರು ಕೂಡಿಸಿದ್ದು. ಎಲ್ಲ ವರ್ಷಗಳೂ ಸೇರಿ ಸುಮಾರು 15,000 ಜನರಿಗೆ ಅದರಿಂದ ಪ್ರಯೋಜನವಾಯಿತೆಂದು ಅಂದಾಜು. ಯುದ್ಧದ ಕಾಲದಲ್ಲಿ ಪೆಟ್ರೋಲಿಗೂ ಟೈರಿಗೂ ಪಡಿತರ ಬಂದ ಮೇಲೆ ಮೋಟಾರುಗಳು ನಿಂತವು. 1942ಕ್ಕೆ ಯೋಜನೆ ಮುಗಿಯಿತು. ಫೆರೆಬಿ ಅಷ್ಟರಲ್ಲಿ ತಾವೂ ಬೆಸಿಲಿಯಸ್ ಆಗಿದ್ದರು. 1949ರಲ್ಲಿ ಕಪ್ಪು ಮಹಿಳೆಯರ ರಾಷ್ಟ್ರೀಯ ಮಂಡಲಿಯ ಅಧ್ಯಕ್ಷಿಣಿಯೂ ಆದರು. 1980ರಲ್ಲಿ ನಿಧನ ಹೊಂದಿದರು.

ಅದೇ ಮೌಂಡ್ ಬೇಯೂ ಊರಿನಲ್ಲಿ 1967ರಲ್ಲಿ ಸರ್ಕಾರದ ನೆರವಿನಿಂದ ಒಂದು ಸಮುದಾಯ ಆರೋಗ್ಯಕೇಂದ್ರ ತೆರೆಯಿತು. ಅಮೆರಿಕದಲ್ಲಿ ಆ ಬಗೆಯ ಮೊದಲ ಎರಡು ಕೇಂದ್ರಗಳಲ್ಲಿ ಒಂದು. ಅದನ್ನು ನಡೆಸಿದ ಡಾಕ್ಟರ್ ಜ್ಯಾಕ್ ಗೈಗರ್ ಹಸಿದ ಮಕ್ಕಳಿಗೆ ಔಷಧಿಯ ಚೀಟಿಯಲ್ಲಿ ಹಾಲು, ತರಕಾರಿ, ಮಾಂಸ ಬರೆದುಕೊಟ್ಟು, ಅಂಗಡಿಯ ಲೆಕ್ಕವನ್ನು ಔಷಧಾಲಯದ ಖಾತೆಗೆ ಹಾಕಿಸುತ್ತಿದ್ದರು. ಇದೇನೆಂದು ಅಧಿಕಾರಿಗಳು ಕೇಳಿದಾಗ, ಹಸಿವಿಗೆ ವೈದ್ಯಗ್ರಂಥಗಳು ಹೇಳುವ ಮದ್ದು ಊಟವೇ ಎಂಬ ಅರ್ಥದ ಉತ್ತರ ಕೊಟ್ಟರೆಂಬುದು ವೈದ್ಯವಲಯದಲ್ಲಿ ಹೆಸರಾದ ಮಾತು. ಅವರು ಫೆರೆಬಿ ಅವರ ವರದಿಗಳಿಂದ ಕಲಿತರೆಂದು ನಾನು ಹೇಳುತ್ತಿಲ್ಲ. ಮೂವತ್ತು ವರ್ಷಗಳ ಅಂತರದಲ್ಲಿ ಇಬ್ಬರು ವೈದ್ಯರು ಒಂದೇ ಸೀಮೆಯ ಮಕ್ಕಳನ್ನು ನೋಡಿದರು. ಮೊದಲನೆಯವರಿಗೆ ಆ ಚೀಟಿ ಬರೆಯುವ ಬೊಕ್ಕಸವಿರಲಿಲ್ಲ; ಎರಡನೆಯವರಿಗೆ ಇತ್ತು.

ಜಾಕ್ಸನ್ ಓಕ್ಲೆಂಡಿನ ಶಾಲೆಗೆ ಹಿಂದಿರುಗಿ 1953ರವರೆಗೆ ಪಾಠ ಹೇಳಿದರು. ನಿವೃತ್ತರಾದ ಮೇಲೆ ಕ್ಯಾಲಿಫೋರ್ನಿಯದ ಉತ್ತರಭಾಗದ ಮೆಂಡೊಸಿನೊ ಎಂಬಲ್ಲಿ ಕುಟುಂಬದ ಜಮೀನಿನಲ್ಲಿ ಕುರಿ ಸಾಕಿದರು. ಬೆಸಿಲಿಯಸ್ ಪದವಿಯಿಂದ ಕುರಿಯ ದೊಡ್ಡಿಗೆ ಬಂದುದರಲ್ಲಿ ಆಕೆಗೆ ಯಾವ ಕುಂದೂ ಕಾಣಲಿಲ್ಲ. 1979ರಲ್ಲಿ ಆ ಜಮೀನನ್ನು ಬರ್ಕಲಿಯ ವಿಶ್ವವಿದ್ಯಾನಿಲಯಕ್ಕೇ ದಾನವಾಗಿ ಕೊಟ್ಟರು. ಅದರಿಂದ ಬರುವ ಹಣ ಉನ್ನತ ವ್ಯಾಸಂಗ ಮಾಡುವ ಕಪ್ಪು ಜನಾಂಗದ ವಿದ್ಯಾರ್ಥಿಗಳ ವೇತನಕ್ಕೆ ಸಲ್ಲಬೇಕೆಂಬುದೊಂದೇ ಅವರ ಷರತ್ತು. 1996ರಲ್ಲಿ ತೀರಿಕೊಂಡರು. ಬರ್ಕಲಿಯ ಕಾಲೇಜ್ ರಸ್ತೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ವಸತಿಗಾಗಿ ವಿಶ್ವವಿದ್ಯಾನಿಲಯ ಕಟ್ಟಿಸಿದ ಮನೆಗಳಿಗೆ 2004ರಲ್ಲಿ ಅವರ ಹೆಸರಿಡಲಾಯಿತು.